ಬೋಲ್ಟಿನ ಮೇಲಿನ ಸುಣ್ಣದ ಬೊಟ್ಟು

ಸಿಂಚನಾ, ತರುಣಾ,

ಹೋದ ತಿಂಗಳು ರಜೆಗೆ ಬಂದಾಗ ನೀವಿಬ್ಬರೂ ಕೊಟ್ಟಿಗೆ ಪಕ್ಕದ ವ್ಯಾನಿನ ಬಾನೆಟ್ ಎತ್ತಿ ಒಳಗೆ ಇಣುಕಿದಿರಿ. ತರುಣ ನನ್ನನ್ನು ಕೂಗಿ, "ಅಜ್ಜಿ, ಬೋಲ್ಟ್ ಮೇಲೆಲ್ಲ ಬಿಳಿ ಬಿಳಿ ಇದೆಯಲ್ಲ, ಕಾಗೆ ಪಿಕ್ಕೆ ಹಾಕಿದೆಯಾ?" ಎಂದು ಕೇಳಿದ. ಸಿಂಚನಾ ನಕ್ಕಳು. ನಾನು ಆಮೇಲೆ ಹೇಳುತ್ತೇನೆ ಎಂದೆ. ಹೇಳಲಿಲ್ಲ. ನನ್ನ ಸ್ವಭಾವ ನಿಮಗೆ ಗೊತ್ತು. ನಾಲ್ಕು ಜನರ ಮುಂದೆ ಇರಲಿ, ನಿಮ್ಮಿಬ್ಬರ ಮುಂದೆ ಕೂತು ಒಂದು ಕಥೆ ಹೇಳಬೇಕಾದರೂ ನನಗೆ ಸಂಕೋಚ. ನೀವು ಹೋದ ಮರುವಾರ, ಆ ಬಿಳಿ ಬೊಟ್ಟುಗಳನ್ನು ಇಟ್ಟವರು ತೀರಿಕೊಂಡರು. ಹಾಗಾಗಿ ಬರೆಯುತ್ತಿದ್ದೇನೆ. ನಾನು ಊರ ಶಾಲೆಯಲ್ಲಿ ಎಂಟನೆಯ ತರಗತಿವರೆಗೆ ಓದಿದವಳು. ತಪ್ಪಿದ್ದರೆ ನಿಮ್ಮ ಅಮ್ಮ ತಿದ್ದಿಕೊಡಲಿ.

ಅವರ ಹೆಸರು ಬರೆಯುವುದಿಲ್ಲ. ಅವರ ಬಂಡಿ ರಿಪೇರಿ ಶೆಡ್ಡಿನ ಮೇಲೆಯೇ ಹೆಸರಿರಲಿಲ್ಲ. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ, ನಾಲ್ಕು ಕಂಬ ನೆಟ್ಟು ತಗಡು ಹೊದಿಸಿದ ಜಾಗ. ಬೋರ್ಡು ಯಾಕೆ ಹಾಕಿಸಿಲ್ಲ ಎಂದು ಒಮ್ಮೆ ನಿಮ್ಮ ತಾತ ಕೇಳಿದ್ದರಂತೆ. "ಕೆಟ್ಟ್ ಬಂಡಿ ತಾನಾಗೇ ದಾರಿ ಉಡಿಕ್ಕಂಡು ಬತ್ತದೆ ಗೌಡ್ರೆ, ಚೆನ್ನಾಗಿರೋ ಬಂಡಿಯೋರಿಗೆ ನನ್ನ ಎಸರ್ಯಾಕೆ?" ಎಂದರಂತೆ. ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ನಾನು ಮೇಸ್ತ್ರಣ್ಣ ಎನ್ನುತ್ತಿದ್ದೆ, ಅದೂ ಮಾತಾಡಲು ಶುರು ಮಾಡಿದ ಮೇಲೆ.

ತೆಳ್ಳಗಿನ ಎತ್ತರದ ಆಳು. ಬೆಳಿಗ್ಗೆ ಬರುವಾಗ ಹಣೆ ತುಂಬ ವಿಭೂತಿ ಇರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಎಣ್ಣೆ ಬೆರಳಿನ ಒಂದು ಅಡ್ಡಗೆರೆ ಬಿದ್ದಿರುತ್ತಿತ್ತು. ಬೆವರು ಒರೆಸಿಕೊಂಡ ಗುರುತು ಅದು. ಅಂಗಿಯ ಎಡಜೇಬಿನಲ್ಲಿ ಎಲೆ ಅಡಿಕೆಯ ಚೀಲ. ಆ ಚೀಲದಲ್ಲಿ ಒಂದು ಪುಟ್ಟ ಹಿತ್ತಾಳೆಯ ಸುಣ್ಣದ ಡಬ್ಬಿ. ಒಂದು ಬೋಲ್ಟನ್ನು ಬಿಗಿ ಮಾಡಿದ ಕೂಡಲೆ ಆ ಡಬ್ಬಿಯಲ್ಲಿ ಕಿರುಬೆರಳು ಅದ್ದಿ, ಬೋಲ್ಟಿನ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಬರುವಂತೆ ಒಂದು ಬೊಟ್ಟು ಎಳೆಯುತ್ತಿದ್ದರು. ಅದು ಒಣಗಿ ಕಚ್ಚಿಕೊಳ್ಳುತ್ತಿತ್ತು. ಬೋಲ್ಟು ಆಮೇಲೆ ಒಂದು ಎಳೆಯಷ್ಟು ತಿರುಗಿದರೂ ಆ ಬೊಟ್ಟು ಎರಡಾಗಿ ಒಡೆಯುತ್ತಿತ್ತು. ಬಾನೆಟ್ ಎತ್ತಿ ನೋಡಿದರೆ ಸಾಕು, ಯಾವುದು ಸಡಿಲ ಎಂದು ಗೊತ್ತಾಗುತ್ತಿತ್ತು. ಬೊಟ್ಟಿಲ್ಲದ ಬೋಲ್ಟನ್ನು ಅವರು ಬಿಗಿ ಮಾಡಿಲ್ಲ ಎಂದರ್ಥ. ಮಾಡಿದ ನೆನಪಿದ್ದರೂ ಬೊಟ್ಟು ಇಲ್ಲದಿದ್ದರೆ ಮತ್ತೆ ಸ್ಪ್ಯಾನರ್ ಹಾಕುತ್ತಿದ್ದರು. "ನನ್ನ ನೆಪ್ಪ ನಾನೇ ನಂಬಲ್ಲ" ಎನ್ನುತ್ತಿದ್ದರು.

ಇನ್ನೊಂದು ಕ್ರಮ ಇತ್ತು. ಇಂಜಿನ್ ಬಿಚ್ಚಿ ಜೋಡಿಸಿದ ಮೇಲೆ ಕೊನೆಯ ಒಂದು ನಟ್ಟನ್ನು ತಾವು ಬಿಗಿ ಮಾಡುತ್ತಿರಲಿಲ್ಲ. ಬಂಡಿ ಓಡಿಸುವವರ ಕೈಗೆ ಸ್ಪ್ಯಾನರ್ ಕೊಡುತ್ತಿದ್ದರು. ಓಡಿಸುವವನು ಬಿಗಿ ಮಾಡಬೇಕು, ಅವರು ಪರೀಕ್ಷೆ ಮಾಡಿ ಬೊಟ್ಟು ಇಡಬೇಕು. ಯಜಮಾನ ಬೇರೆ, ಡ್ರೈವರ್ ಬೇರೆ ಆಗಿದ್ದರೆ ಡ್ರೈವರ್ ಬರುವವರೆಗೂ ಬಂಡಿ ಅಲ್ಲೇ ನಿಂತಿರುತ್ತಿತ್ತು. ಎಂಥ ಅವಸರ ಇದ್ದರೂ ಬಿಡುತ್ತಿರಲಿಲ್ಲ.

ಬಿಸಿಯಾದ ಇಂಜಿನ್ನನ್ನು ಅವರು ಪರೀಕ್ಷೆ ಮಾಡುತ್ತಲೂ ಇರಲಿಲ್ಲ. ಬಂದ ಬಂಡಿಯನ್ನು ರಾತ್ರಿ ಶೆಡ್ಡಿನಲ್ಲೇ ಬಿಟ್ಟು ಹೋಗಬೇಕು, ಬೆಳಿಗ್ಗೆ ತಣ್ಣಗಿರುವಾಗ ಮೊದಲ ಸದ್ದು ಅವರು ಕೇಳಬೇಕು. ಒಂದು ಸಲ ಅರಕಲಗೂಡಿನ ಕಡೆಯ ಡ್ರೈವರ್ ಒಬ್ಬ ನಿಮ್ಮ ತಾತನ ಎದುರೇ ಜಗಳ ತೆಗೆದ.

"ಸದ್ದು ಈಗ್ಲೇ ಕೇಳಿ ಸಾ, ಓಡ್ತಾ ಐತಲ್ಲ."

"ಓಡ್ತಿರೋನ್ನ ಎಂಗಿದ್ದೀಯ ಅಂದ್ರೆ ಚೆನ್ನಾಗಿವ್ನಿ ಅಂತಾನೆ ಕಣ್ಲಾ. ಮಲಗಿ ಎದ್ದಾಗ ಕೇಳ್ಬೇಕು, ಎಲ್ಲೆಲ್ಲಿ ನೋವು ಅಂತ."

"ನಾಳೀಕೆ ಬಾಡಿಗೆ ಅದೆ ಸಾ."

"ಇದ್ರೆ ಓಗು. ದಾರೀಲಿ ನಿಂತ್ರೆ ಇಂಜಿನ್ನೇ ಏಳ್ತದೆ, ನಾನ್ಯಾಕೆ ಏಳ್ಲಿ."

ಅವನು ಗೊಣಗಿಕೊಂಡೇ ಬಂಡಿ ಬಿಟ್ಟು ಬಸ್ಸಿಗೆ ಹೋದನಂತೆ. ನಿಮ್ಮ ತಾತ ಮನೆಗೆ ಬಂದು ಇಬ್ಬರ ದನಿಯಲ್ಲೂ ಮಾತಾಡಿ ತೋರಿಸಿದ್ದು ನನಗೆ ಈಗಲೂ ಕೇಳಿಸುತ್ತದೆ.

ನಮ್ಮ ವ್ಯಾನು ಬಂದಾಗ ನಿಮ್ಮ ತಾತ ಅದನ್ನು ಮೊದಲು ತೋರಿಸಿದ್ದು ದೇವಸ್ಥಾನದಲ್ಲಿ, ಎರಡನೆಯದು ಆ ಶೆಡ್ಡಿನಲ್ಲಿ. ಮೇಸ್ತ್ರಣ್ಣ ಹೇಳಿದ್ದನ್ನೆಲ್ಲ ತಾತ ನಿಮ್ಮ ಅಮ್ಮನ ಹಳೆ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಬರೆದುಕೊಂಡರು. ನಾಲ್ಕು ಸಿಲಿಂಡರ್. ಎರಡೂವರೆ ಲೀಟರಿನ ಇಂಜಿನ್. ಟರ್ಬೋ ಇಲ್ಲ, ಕಂಪ್ಯೂಟರ್ ಇಲ್ಲ. ಎಪ್ಪತ್ತು ಕುದುರೆಯ ಬಲ. ಒಂದು ಟನ್ ಹೊರಬಲ್ಲದು. ಇಂಜಿನ್ ಎಣ್ಣೆ ಆರೂವರೆ ಲೀಟರ್. ನಿಮಿಷಕ್ಕೆ ಎರಡು ಸಾವಿರ ಸುತ್ತಿನ ಹತ್ತಿರ ಎಳೆತ ಹೆಚ್ಚು, ಮೂರು ಸಾವಿರ ದಾಟಿದರೆ ಬರೀ ಸದ್ದು. ಅದರ ಕೆಳಗೆ ಮೇಸ್ತ್ರಣ್ಣನ ಮಾತನ್ನು ಹಾಗೆಯೇ ಬರೆದಿದ್ದಾರೆ: "ಓಡು ಅಂದ್ರೆ ಓಡಲ್ಲ, ಎಳಿ ಅಂದ್ರೆ ಎಳೀತದೆ."

ಪೆಟ್ರೋಲ್ ಬಂಡಿಗೆ ಕಿಡಿ ಹಚ್ಚುವ ಪ್ಲಗ್ ಇರುತ್ತದೆ, ಡೀಸೆಲ್ಲಿಗೆ ಇಲ್ಲ. ಒಳಗಿನ ಗಾಳಿಯನ್ನೇ ಇಪ್ಪತ್ತು ಪಾಲಿನಿಂದ ಒಂದು ಪಾಲಿಗೆ ಅದುಮುತ್ತದೆ. ಅದುಮಿದ ಗಾಳಿ ಕೆಂಡದಂತೆ ಕಾದು, ಅದಕ್ಕೆ ಡೀಸೆಲ್ ಚಿಮುಕಿಸಿದ ಕೂಡಲೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಆ ಗಾಳಿ ಎಲ್ಲೂ ಸೋರಬಾರದು. ಇದನ್ನು ತಾತ ನನಗೆ ರೊಟ್ಟಿ ತಟ್ಟುವಾಗ ಹೇಳಿದ್ದರು. ನಾನು ಹೂಂ ಎಂದಿದ್ದೆ. ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂದು ಅವರು ಮೇಸ್ತ್ರಣ್ಣನನ್ನು ಕೇಳಿದ್ದರಂತೆ. "ಬಾಳಿಕೆ ಕಬ್ಬಿಣದಲ್ಲಿ ಇರಲ್ಲ ಗೌಡ್ರೆ. ಗಾಳಿ, ನೀರು, ಎಣ್ಣೆ, ಡೀಸೆಲ್ಲು, ಈ ನಾಕರಲ್ಲಿ ಅದೆ. ನಾಕೂ ಸುದ್ದವಾಗಿ ಕೊಡಿ, ನಿಮ್ ಮೊಮ್ಮಕ್ಕಳೂ ನೋಡ್ತಾರೆ." ನೀವು ನೋಡಿದಿರಿ.

ಬೇರೆ ಶೆಡ್ಡುಗಳಲ್ಲಿ ಬೇಸಿಗೆ ಬಂದರೆ ಥರ್ಮೋಸ್ಟಾಟ್ ಎಂಬ ಸಣ್ಣ ಬಾಗಿಲನ್ನೇ ಕಿತ್ತು ಬಿಸಾಕುತ್ತಿದ್ದರು. ಇಂಜಿನ್ನಿನ ನೀರು ಸಾಕಷ್ಟು ಬಿಸಿಯಾಗುವವರೆಗೆ ಅದನ್ನು ರೇಡಿಯೇಟರಿಗೆ ಹೋಗದಂತೆ ತಡೆಯುವ ಬಾಗಿಲು ಅದು. ಕಿತ್ತರೆ ಇಂಜಿನ್ ತಣ್ಣಗಿರುತ್ತದೆ ಎಂದು ಡ್ರೈವರುಗಳಿಗೆ ಖುಷಿ. ಮೇಸ್ತ್ರಣ್ಣ ಮಾತ್ರ ಕೀಳುತ್ತಿರಲಿಲ್ಲ. "ತಣ್ಣಗಿರೋಕೆ ಅದೇನು ಮಜ್ಜಿಗೆಯಾ?" ಎನ್ನುತ್ತಿದ್ದರು. ಇಂಜಿನ್ ಬಿಸಿಯಾಗಲೇಬೇಕು, ಕುದಿಯಬಾರದು, ಅಷ್ಟೇ. ಈ ಮಾತನ್ನು ನಾನು ಆಗಲೇ ಕಿವಿಗೆ ಹಾಕಿಕೊಂಡಿದ್ದರೆ ಮುಂದಿನ ತಪ್ಪು ಮಾಡುತ್ತಿರಲಿಲ್ಲ.

ನಿಮ್ಮ ತಾತ ತೀರಿಕೊಂಡಾಗ ನಿಮ್ಮ ಅಮ್ಮ ಒಂಬತ್ತನೆಯ ತರಗತಿಯಲ್ಲಿದ್ದಳು, ಚಿಕ್ಕಮ್ಮ ಆರನೆಯದರಲ್ಲಿ. ಮೂರು ದಿನದ ಜ್ವರ, ಹಾಸನದ ಆಸ್ಪತ್ರೆ, ಅಷ್ಟೇ. ವ್ಯಾನು ಅಂಗಳದಲ್ಲಿ ನಿಂತಿತು. ಎರಡು ಎಕರೆ ಹೊಲದಲ್ಲಿ ಬರುತ್ತಿದ್ದುದು ಊಟಕ್ಕೆ ಸರಿಹೋಗುತ್ತಿತ್ತು. ಮಕ್ಕಳ ಓದು, ಬಟ್ಟೆ, ಎಲ್ಲವೂ ನಡೆಯುತ್ತಿದ್ದುದು ವ್ಯಾನಿನಿಂದ. ಕಟ್ಟಾಯದ ಕಡೆಯಿಂದ ಆಲೂಗಡ್ಡೆ, ನಮ್ಮ ಸುತ್ತಿನ ಊರುಗಳಿಂದ ಚನ್ನರಾಯಪಟ್ಟಣಕ್ಕೆ ತೆಂಗಿನಕಾಯಿ, ಇದು ತಾತನ ದುಡಿಮೆ. ಈಗ ಅದನ್ನು ಓಡಿಸುವವರಿಲ್ಲ. ಸಂಬಳದ ಡ್ರೈವರ್ ಇಟ್ಟರೆ ಉಳಿಯುವುದು ಏನೂ ಇಲ್ಲ. ಮಾರಿ ಬಂದ ಹಣವನ್ನು ಮಕ್ಕಳ ಹೆಸರಿನಲ್ಲಿ ಇಡೋಣ ಎಂದು ನಿಮ್ಮ ಚಿಕ್ಕತಾತ ಹೇಳಿದರು. ನನ್ನ ಮೈದುನ ಕೆಟ್ಟವರಲ್ಲ, ನಮ್ಮ ಚಿಂತೆಯಲ್ಲೇ ಹಾಗೆಂದರು. ಮಾರಿದರೆ ಹಣ ಎರಡು ಮೂರು ವರ್ಷಕ್ಕೆ ಮುಗಿದು ನಿಮ್ಮ ಅಮ್ಮನ ಓದು ಹತ್ತನೆಯದಕ್ಕೇ ನಿಲ್ಲುತ್ತದೆ ಎಂದು ನನಗೆ ಅನ್ನಿಸುತ್ತಿತ್ತು. ಆದರೆ ಬೇರೆ ದಾರಿ ನನಗೂ ಕಾಣುತ್ತಿರಲಿಲ್ಲ.

ನಿಲ್ಲಿಸಿದ ಬಂಡಿ ಕೆಡುತ್ತದೆ, ದಿನಾ ಒಮ್ಮೆ ಶುರು ಮಾಡಬೇಕು ಎಂದು ಯಾರೋ ಹೇಳಿದ್ದರು. ಬೀಗದ ಕೈ ತಿರುಗಿಸುವುದು ತಾತ ಇದ್ದಾಗಲೇ ಗೊತ್ತಿತ್ತು. ಒಂದು ಹಂತ ತಿರುಗಿಸಿ, ಇಂಜಿನ್ ಒಳಗೆ ಬೆಚ್ಚಗಾಗುತ್ತಿದೆ ಎಂದು ತೋರಿಸುವ ಹಳದಿ ದೀಪ ಆರುವವರೆಗೆ ಕಾಯಬೇಕು, ಆಮೇಲೆ ಸೆಲ್ಫ್ ಹೊಡೆಯಬೇಕು. ದಿನಾ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಒಲೆಯ ಮೇಲೆ ಹಾಲಿಟ್ಟು ಬಂದು ವ್ಯಾನು ಶುರು ಮಾಡುತ್ತಿದ್ದೆ. ಹಾಲು ಉಕ್ಕುವ ಹೊತ್ತಿಗೆ ಆರಿಸುತ್ತಿದ್ದೆ. ಒಂದು ದಿನವೂ ತಪ್ಪಿಸಲಿಲ್ಲ, ಎಂಟು ತಿಂಗಳು. ಆ ಸದ್ದಿಗೆ ಕೊಟ್ಟಿಗೆಯಲ್ಲಿ ಹಸು ತಲೆ ಎತ್ತುತ್ತಿತ್ತು. ಚಿಕ್ಕಮ್ಮ ನಿದ್ದೆಗಣ್ಣಿನಲ್ಲಿ ಎದ್ದು ಬಾಗಿಲಿಗೆ ಬಂದು ನಿಂತು, ಮತ್ತೆ ಒಳಗೆ ಹೋಗುತ್ತಿದ್ದಳು. ಬಂಡಿ ಕೆಡಬಾರದು ಎಂದು ಶುರು ಮಾಡುತ್ತಿದ್ದೇನೆ ಎಂದು ಎಲ್ಲರಿಗೂ ಹೇಳುತ್ತಿದ್ದೆ.

ಕೊನೆಗೆ ಅರಕಲಗೂಡಿನಿಂದ ಒಬ್ಬರು ಕೊಳ್ಳಲು ಬಂದರು. ಹೊರಗೆಲ್ಲ ನೋಡಿ ಒಪ್ಪಿದರು. ಇಂಜಿನ್ ಬಗ್ಗೆ ಮಾತ್ರ ಹೊಳೆನರಸೀಪುರದ ಮೇಸ್ತ್ರಿ ಒಂದು ಮಾತು ಹೇಳಲಿ ಎಂದರು. ಮೇಸ್ತ್ರಣ್ಣ ಬರುವ ಹೊತ್ತಿಗೆ ಚಿಕ್ಕತಾತ ಅರ್ಧ ಗಂಟೆ ಇಂಜಿನ್ ಓಡಿಸಿ ಇಟ್ಟಿದ್ದರು, ಒಂದೇ ಸೆಲ್ಫಿಗೆ ಹತ್ತಲಿ ಎಂದು. ಮೇಸ್ತ್ರಣ್ಣ ಸೈಕಲ್ ಇಳಿದು ಬಾನೆಟ್ಟಿನ ಮೇಲೆ ಕೈಯ ಹಿಂಬದಿ ಇಟ್ಟರು, ನಾವು ಮಕ್ಕಳ ಜ್ವರ ನೋಡುತ್ತೇವಲ್ಲ ಹಾಗೆ.

"ಈಗ್ಲೇ ಮಾತಾಡ್ಸ್‌ಬುಟ್ಟಿದ್ದೀರಿ ಇದನ್ನ. ನಾಳೆ ಬೆಳಿಗ್ಗೆ ಬತ್ತೀನಿ. ಅಲ್ಲೀಗಂಟ ಯಾರೂ ಮುಟ್ಬ್ಯಾಡಿ."

ಮರುದಿನ ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ಎಂಟು ತಿಂಗಳಲ್ಲಿ ಅದೊಂದೇ ಬೆಳಿಗ್ಗೆ ನಾನು ವ್ಯಾನನ್ನು ಮುಟ್ಟಲಿಲ್ಲ. ಮೇಸ್ತ್ರಣ್ಣ ಸೆಲ್ಫ್ ಹೊಡೆದರು, ಮೂರನೆಯ ಸಲಕ್ಕೆ ಇಂಜಿನ್ ಶುರುವಾಯಿತು. ಹಿಂದಿನಿಂದ ಬಿಳಿ ಹೊಗೆ ಅಂಗಳ ತುಂಬಿತು. ಮೇಸ್ತ್ರಣ್ಣ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ನಾಲ್ಕೂ ಕಡೆ ಕೇಳಿದರು. ಆರಿಸಿದ ಮೇಲೆ ಎಣ್ಣೆ ಅಳೆಯುವ ಕಡ್ಡಿ ಎಳೆದು ಮೂಸಿದರು. ಎಣ್ಣೆ ಕಡಿಮೆಯಾಗಿರಬೇಕಾದ್ದು, ಮೇಲಿನ ಗೆರೆಯನ್ನೂ ದಾಟಿ ಏರಿತ್ತು. ಬೆರಳಿನಲ್ಲಿ ಉಜ್ಜಿದರು. ನೀರಿನಂತೆ ಜಾರಿತು.

"ಇವತ್ತು ತಗಬ್ಯಾಡಿ ಸಾ ಇದನ್ನ" ಎಂದರು ಕೊಳ್ಳಲು ಬಂದವರಿಗೆ. "ಎಣ್ಣೇಲಿ ಡೀಸೆಲ್ ಸೇರದೆ. ಒಳಗೆ ಮಸಿ ಕಟ್ಟದೆ."

"ಅಂದ್ರೆ ಇಂಜಿನ್ ಕೆಲ್ಸ ಬತ್ತದಾ?"

"ಬರ್ಬೋದು, ಬರ್ದೇನೂ ಇರ್ಬೋದು. ಗೊತ್ತಿಲ್ದೆ ಗೊತ್ತು ಅನ್ನಲ್ಲ."

ಅವರು ಬಂದ ದಾರಿಯಲ್ಲೇ ಹೋದರು. ಚಿಕ್ಕತಾತನ ಮುಖ ಕೆಂಪಾಗಿತ್ತು. "ಮೇಸ್ತ್ರಿ, ನಮ್ಮಣ್ಣನ ಉಪ್ಪು ತಿಂದೋರು ನೀವು. ಒಂದ್ ಮಾತು ಚೆನ್ನಾಗದೆ ಅಂದಿದ್ರೆ ಈ ಮಕ್ಕಳಿಗೆ ದಾರಿ ಆಗ್ತಿತ್ತು."

"ಅವ್ರ ಮನೇಲೂ ಮಕ್ಳಿರ್ತಾರೆ" ಎಂದರು ಮೇಸ್ತ್ರಣ್ಣ. ಆಮೇಲೆ ಬಾಗಿಲ ಕಡೆ ತಿರುಗಿ, "ದಿನಾ ಯಾರು ಶುರು ಮಾಡ್ತಿದ್ದೋರು?" ಎಂದು ಕೇಳಿದರು.

ನಾನು ಬಾಗಿಲಿನಿಂದ ಅರ್ಧ ಹೊರಗೆ ಬಂದು ನಿಂತೆ. ಅದೇ ಉತ್ತರವಾಯಿತು.

"ಎಷ್ಟೊತ್ತು ತಾಯಿ?"

"ಹಾಲು ಕಾಯೋ ಹೊತ್ತು" ಎಂದೆ. ಅವರೊಂದಿಗೆ ನಾನು ಆಡಿದ ಮೊದಲ ಮಾತು ಅದು.

ಅವರು ನಗಲಿಲ್ಲ. ಜಗಲಿಯ ಅಂಚಿಗೆ ಕೂತು, ಎಲೆಗೆ ಸುಣ್ಣ ಹಚ್ಚುತ್ತ, ನನ್ನ ಮುಖ ನೋಡದೆ ಹೇಳಿದರು. "ಒಲೆಗೆ ಅಸಿ ಸೌದೆ ಇಟ್ಟು, ಹತ್ಕಳೋದ್ರೊಳಗೇ ನೀರಾಕಿ ಆರುಸ್ದಂಗೆ ಆಗದೆ ಕಣವ್ವ. ಆಲು ಕಾಯೋ ಒತ್ತಿಗೆ ಇಂಜಿನ್ನು ಬೆಚ್ಚಗೂ ಆಗಿರಲ್ಲ. ಸುಡ್ದೆ ಉಳಿದ ಡೀಸೆಲ್ಲು ಗೋಡೆ ಮೇಲಿಂದ ಇಳಿದು ಎಣ್ಣೆ ಸೇರ್ತದೆ. ನಿಂತಲ್ಲೇ ಓಡುಸ್ದ್ರೆ ಇದು ಬಿಸಿ ಆಗಲ್ಲ. ಮೈಮೇಲೆ ಬಾರ ಬೇಕು."

"ನಾನು ಮಾಡಿದ್ದು ತಪ್ಪಾಯ್ತಾ?"

"ತಪ್ಪು ಅಂತ ಯಾರಂದ್ರು. ಬಂಡಿಗೆ ಆಗ್ಬರಲ್ಲ, ಅಷ್ಟೇಯ."

ಎಲೆ ಬಾಯಿಗೆ ಹಾಕಿಕೊಂಡು ವ್ಯಾನಿನ ಕಡೆ ನೋಡಿದರು. "ಓಡ್ಸಿ, ಇಲ್ಲಾ ಮಲಗಾಕೆ ಬಿಡಿ. ದಿನಾ ಅರ್ಧ ಎಚ್ಚರ ಮಾಡ್ಬ್ಯಾಡಿ" ಎಂದು ಎದ್ದರು.

ವ್ಯಾನನ್ನು ಶೆಡ್ಡಿಗೆ ಸಾಗಿಸಿದರು. ಇಂಜಿನ್ ಪೂರ್ತಿ ಬಿಚ್ಚಲಿಲ್ಲ. ಎಣ್ಣೆ ಬಸಿದರು, ಡೀಸೆಲ್ ಚಿಮುಕಿಸುವ ನಾಜಲ್‌ಗಳನ್ನು ತೆಗೆದು ತೊಳೆದರು, ಮೇಲಿನ ಮುಚ್ಚಳ ತೆಗೆದು ಟಪೆಟ್ ಎನ್ನುವ ಕವಾಟದ ಸಂದು ಸರಿ ಮಾಡಿದರು. ನಾಲ್ಕನೆಯ ದಿನ ಹೇಳಿ ಕಳಿಸಿದರು. ಹಣ ಕೊಡಲು ಚಿಕ್ಕತಾತನ ಜೊತೆ ನಾನೂ ಹೋದೆ. ಶೆಡ್ಡಿನಲ್ಲಿ ಐದಾರು ಗಂಡಸರು ನಿಂತಿದ್ದರು. ನಾನು ಸೆರಗು ಹೊದ್ದು ಕಂಬದ ಪಕ್ಕ ನಿಂತೆ. ಎಲ್ಲ ಬೋಲ್ಟುಗಳ ಮೇಲೂ ಹೊಸ ಸುಣ್ಣದ ಬೊಟ್ಟು. ಮೇಲಿನ ಮುಚ್ಚಳದ ಒಂದು ನಟ್ಟಿನ ಮೇಲೆ ಮಾತ್ರ ಇರಲಿಲ್ಲ.

ಮೇಸ್ತ್ರಣ್ಣ ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸಿದರು. ಚಿಕ್ಕತಾತ ಕೈ ಚಾಚಿದರು. ಅದು ಅವರನ್ನು ದಾಟಿ ನನ್ನ ಮುಂದೆ ಬಂತು.

"ಅವ್ರ ಕೈಲ್ಯಾಕೆ ಮೇಸ್ತ್ರಿ" ಎಂದರು ಚಿಕ್ಕತಾತ ಮೆಲ್ಲಗೆ. "ಇಂಥಾ ಕೆಲಸದಾಗೆ ಅವ್ರು..." ಎಂದು ಅರ್ಧಕ್ಕೇ ನಿಲ್ಲಿಸಿದರು. ಗಂಡ ಹೋದವಳ ಕೈಯಿಂದ ಯಾರೂ ಏನನ್ನೂ ಶುರು ಮಾಡಿಸುವುದಿಲ್ಲವಲ್ಲ. ಅಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು, ನನಗೂ.

"ಎಂಟು ತಿಂಗಳಿಂದ ಶುರು ಮಾಡ್ತಿರೋರು ಅವ್ರೇ ಅಲ್ವಾ" ಎಂದರು ಮೇಸ್ತ್ರಣ್ಣ, ಅದೇನು ದೊಡ್ಡ ಮಾತಲ್ಲ ಎನ್ನುವಂತೆ. "ಕೈಗೆ ತಡೆ ಸಿಕ್ಕೋಗಂಟ ತಿರುಗ್ಸಿ. ಆಮೇಲೆ ಕಾಲು ಸುತ್ತು."

ನಾನು ತಿರುಗಿಸಿದೆ. ತಡೆ ಸಿಕ್ಕ ಮೇಲೂ ಬಲ ಹಾಕುತ್ತಲೇ ಇದ್ದೆ. ಯಾಕೋ ನಿಲ್ಲಿಸಲು ಆಗಲಿಲ್ಲ.

"ಸಾಕು ಕಣವ್ವ" ಎಂದರು. "ಸಿಟ್ಟು ಅದ್ರ ಮ್ಯಾಲ್ ಬ್ಯಾಡ. ಬೋಲ್ಟಿನ ಕತ್ತು ಮುರೀತದೆ."

ನಾನು ಕೈ ಬಿಟ್ಟೆ. ಅವರು ಪರೀಕ್ಷೆ ಮಾಡಿ, ಒಂದು ಎಳೆ ಸಡಿಲಿಸಿ, ಸರಿ ಮಾಡಿ, ಬೊಟ್ಟು ಇಟ್ಟರು.

ಇನ್ನು ಭಾರ ಹೊರಿಸಿ ಓಡಿಸಿ ನೋಡಬೇಕಿತ್ತು. ಪಕ್ಕದ ಮಂಡಿಯಿಂದ ಚನ್ನರಾಯಪಟ್ಟಣಕ್ಕೆ ಹೋಗಬೇಕಾಗಿದ್ದ ಆಲೂಗಡ್ಡೆ ಮೂಟೆಗಳನ್ನು ಹೇರಿಸಿದರು. ಅವರೇ ಓಡಿಸಿದರು. ನಾನು ಕಿಟಕಿ ಪಕ್ಕ, ನಡುವೆ ಚಿಕ್ಕತಾತ. ಹೇಮಾವತಿ ಸೇತುವೆ ದಾಟಿ ಏರು ಶುರುವಾದ ಕೂಡಲೆ ಕನ್ನಡಿಯಲ್ಲಿ ಹೊಗೆ ಕಂಡಿತು. ಮೊದಲು ಬಿಳಿ, ಆಮೇಲೆ ಕರಿ, ರಾಶಿ ರಾಶಿ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದು ಬೈದುಕೊಂಡು ಮುಂದೆ ಹೋದ. ಚಿಕ್ಕತಾತ, "ಮುಗೀತು ಬಿಡಿ" ಎಂದರು. ಮೇಸ್ತ್ರಣ್ಣ ಗೇರು ಇಳಿಸಲಿಲ್ಲ, ಕಾಲನ್ನೂ ಸಡಿಲಿಸಲಿಲ್ಲ. ಇಂಜಿನ್ ಭಾರಕ್ಕೆ ಮುಲುಗುತ್ತ ಎಳೆಯಿತು. ಇನ್ನೂ ಎರಡು ಏರು ಹಾಗೆಯೇ ಹೋದೆವು. ಚನ್ನರಾಯಪಟ್ಟಣ ಹತ್ತಿರ ಬರುವಾಗ ನಾನು ಕನ್ನಡಿ ನೋಡಿದೆ. ಹಿಂದೆ ರಸ್ತೆ ಮಾತ್ರ ಇತ್ತು, ಎರಡೂ ಕಡೆ ತೆಂಗಿನ ಮರ. ಹೊಗೆ ಇರಲಿಲ್ಲ.

ಮೂಟೆ ಇಳಿಸಿದ ಮೇಲೆ ಹೋಟೆಲಿನ ಮುಂದೆ ಬಂಡಿ ನಿಲ್ಲಿಸಿ ಕಾಫಿ ತರಿಸಿದರು. "ಈಗ ಮಾರ್ಬೋದು. ಆ ಅರಕಲಗೂಡಿನೋರ್ಗೆ ನಾನೇ ಏಳಿ ಕಳಿಸ್ತೀನಿ, ಚೆನ್ನಾಗದೆ ಅಂತ" ಎಂದರು. ಚಿಕ್ಕತಾತನಿಗೆ ಸಮಾಧಾನವಾಯಿತು.

ಕಾಫಿ ಲೋಟ ನನ್ನ ಕೈಯಲ್ಲಿ ಬಿಸಿಯಾಗಿತ್ತು. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. "ಮೇಸ್ತ್ರಣ್ಣ, ನಾನು ಕಲಿತರೆ ಇದು ನನ್ನ ಕೈಲಿ ಓಡುತ್ತಾ?"

ಚಿಕ್ಕತಾತ ನನ್ನ ಕಡೆ ತಿರುಗಿದರು. ಮೇಸ್ತ್ರಣ್ಣ ಕಾಫಿ ಮುಗಿಸಿ, ಲೋಟ ಕೆಳಗಿಟ್ಟು, ನನ್ನನ್ನಲ್ಲ, ಬಾನೆಟ್ಟನ್ನು ನೋಡಿ ಹೇಳಿದರು. "ಇದು ಓಡ್ತದೆ. ನಿಮ್ದು ನನಗೆ ಗೊತ್ತಿಲ್ಲ. ಬಾನ್ವಾರ ಬೆಳಿಗ್ಗೆ ಸಂತೆ ಮಾಳದಾಗೆ ಯಾರೂ ಇರಲ್ಲ. ಬನ್ನಿ, ತಣ್ಣಗಿದ್ದಾಗ ಶುರು ಮಾಡನ."

ಅರಕಲಗೂಡಿನವರಿಗೆ ಯಾರೂ ಹೇಳಿ ಕಳಿಸಲಿಲ್ಲ.

ಹನ್ನೊಂದು ಭಾನುವಾರ ಕಲಿತೆ. ಊರಲ್ಲಿ ಏನೇನು ಅಂದರು ಎಂಬುದನ್ನು ಬರೆಯುವುದಿಲ್ಲ. ಅಂದವರಲ್ಲಿ ಎಷ್ಟೋ ಜನ ಆಮೇಲೆ ಇದೇ ವ್ಯಾನಿನಲ್ಲಿ ತೆಂಗಿನಕಾಯಿ ಕಳಿಸಿದರು. ಲೈಸೆನ್ಸ್ ಪರೀಕ್ಷೆಗೆ ಮುಂಚೆ ಮೇಸ್ತ್ರಣ್ಣ ಕೊಟ್ಟ ಬುದ್ಧಿವಾದ ಒಂದೇ: "ಸಾಯೇಬ್ರ ಮುಖ ನೋಡ್ಬ್ಯಾಡಿ, ಸದ್ದು ಕೇಳಿ. ಯಾವಾಗ ಗೇರ್ ಬೇಕು ಅಂತ ಅದೇ ಏಳ್ತದೆ." ನನ್ನಂಥ ಸಂಕೋಚದವಳಿಗೆ ಅದಕ್ಕಿಂತ ಒಳ್ಳೆ ಮಾತು ಇರಲಿಲ್ಲ. ಮನುಷ್ಯರ ಮುಖ ನೋಡದೆ ಮಾಡಬಹುದಾದ ಕೆಲಸ ಸಿಕ್ಕಿತು.

ಹದಿನೇಳು ವರ್ಷ ಓಡಿಸಿದೆ. ನಿಮ್ಮ ಅಮ್ಮ ಓದಿ ಟೀಚರಾದಳು, ಚಿಕ್ಕಮ್ಮ ನರ್ಸ್ ಆದಳು. ರುದ್ರಪಟ್ಟಣದಲ್ಲಿ ಸಂಗೀತೋತ್ಸವ ನಡೆಯುವಾಗ ಅಡುಗೆಯ ಪಾತ್ರೆಗಳನ್ನು ಸಾಗಿಸುವ ಕೆಲಸ ವರ್ಷ ವರ್ಷ ನನಗೇ ಬರುತ್ತಿತ್ತು. ಒಂದು ಸಲ ಅಲ್ಲಿಂದ ವಾಪಸು ಬರುವಾಗ ಇಂಜಿನ್ನಿನಲ್ಲಿ ಕಟಕಟ ಸದ್ದು. ಮೇಸ್ತ್ರಣ್ಣನಿಗೆ ಫೋನ್ ಮಾಡಿದೆ. "ಫೋನ್ನ ಇಂಜಿನ್ ಅತ್ರ ಇಡೀರಿ" ಎಂದರು. ಹಿಡಿದೆ. "ಇನ್ನ ಕೆಳಕ್ಕೆ. ಆಂ. ಬೆಲ್ಟ್ ಸವೆದದೆ. ನಿಧಾನ ಬನ್ನಿ, ಮನೆಗಂಟ ಬತ್ತದೆ." ಬಂತು.

ಅವರಲ್ಲಿ ಕುಂದು ಇರಲಿಲ್ಲವೆಂದಲ್ಲ. ಎರಡು ದಿನದ ಕೆಲಸಕ್ಕೆ ಹತ್ತು ದಿನ ಮಾಡುತ್ತಿದ್ದರು. ಅವಸರ ಮಾಡಿದರೆ ಸ್ಪ್ಯಾನರ್ ಇಟ್ಟು ಎಲೆ ಹಾಕಲು ಕೂರುತ್ತಿದ್ದರು. ಕಂಪ್ಯೂಟರ್ ಇರುವ ಹೊಸ ಇಂಜಿನ್ನುಗಳು ಬಂದಾಗ ಅವರ ಶೆಡ್ಡಿಗೆ ಬಂಡಿ ಬರುವುದು ಕಡಿಮೆಯಾಯಿತು. ಬೇರೆಯವರು ಗೊತ್ತಿಲ್ಲದಿದ್ದರೂ ವೈರು ಕೀಳುತ್ತಿದ್ದರು. ಇವರು ಬಾನೆಟ್ ಮುಚ್ಚಿ, "ಇದು ನನಗೆ ಗೊತ್ತಿಲ್ಲ, ಆಸನಕ್ಕೆ ತಗಂಡೋಗಿ" ಎನ್ನುತ್ತಿದ್ದರು. ಕೊನೆಯ ವರ್ಷಗಳಲ್ಲಿ ಕಿವಿ ಮಂದವಾಯಿತು. ಇಂಜಿನ್ ಸದ್ದು ಕೇಳುವವರ ಕಿವಿ ಹೋದರೆ ಏನು ಮಾಡುತ್ತಾರೆ ಎಂದು ನಾನು ಮರುಗುತ್ತಿದ್ದೆ. ಒಂದು ಬೆಳಿಗ್ಗೆ ಹೋದಾಗ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ಇಂಜಿನ್ನಿಗೆ ಊರಿ, ಕಣ್ಣು ಮುಚ್ಚಿಕೊಂಡು ನಿಂತಿದ್ದರು. ನನ್ನನ್ನು ನೋಡಿ ಬಾಯಿಂದ ಅದನ್ನು ತೆಗೆದು, "ಹಲ್ಲು ಇನ್ನೂ ಅದಾವೆ" ಎಂದು ನಕ್ಕರು.

ಹೋದ ವರ್ಷ ನಾನು ಓಡಿಸುವುದು ನಿಲ್ಲಿಸಿದೆ. ಮಂಡಿ ನೋವು. ಅವರಿಗೆ ಹೇಳಿದಾಗ ಕೇಳಿದ್ದು ಒಂದೇ ಮಾತು: "ದಿನಾ ಶುರು ಮಾಡ್ತಿಲ್ಲ ತಾನೆ?" ಇಲ್ಲ ಎಂದೆ. ಬ್ಯಾಟರಿ ತೆಗೆದು, ಟಯರಿನ ಕೆಳಗೆ ಇಟ್ಟಿಗೆ ಕೊಟ್ಟು, ಮಲಗಲು ಬಿಟ್ಟಿದ್ದೇನೆ.

ಮೇಸ್ತ್ರಣ್ಣನ ತಿಥಿಗೆ, ಅವರ ಕಡೆ ಶಿವಗಣಾರಾಧನೆ ಎನ್ನುತ್ತಾರೆ, ಹೋಗಿದ್ದೆ. ಊಟ ಮುಗಿದ ಮೇಲೆ ಅವರ ಹೆಂಡತಿ ನನ್ನನ್ನು ಕರೆದುಕೊಂಡು ಶೆಡ್ಡಿಗೆ ಬಂದರು. ಕಟ್ಟಾಯದ ಡ್ರೈವರ್ ಒಬ್ಬ, ನಲವತ್ತು ದಾಟಿದವನು, ತನ್ನ ವ್ಯಾನಿನ ಪಕ್ಕ ನಿಂತಿದ್ದ. ನಮ್ಮದೇ ಥರದ ಹಳೆಯ ಇಂಜಿನ್, ಮೇಸ್ತ್ರಣ್ಣ ಕೊನೆಯದಾಗಿ ಜೋಡಿಸಿದ್ದು. ಎಲ್ಲ ಬೋಲ್ಟಿನ ಮೇಲೂ ಬೊಟ್ಟು ಇತ್ತು. ಒಂದು ನಟ್ಟಿನ ಮೇಲೆ ಇರಲಿಲ್ಲ. ಅದರ ಪಕ್ಕ ಬಟ್ಟೆ ಸುತ್ತಿದ ಸ್ಪ್ಯಾನರ್ ಇತ್ತು.

"ಸೋಮಾರ ಬಾ ಅಂದಿದ್ರು" ಎಂದ ಅವನು. "ನಾನೇ ಬರ್ನಿಲ್ಲ, ಬಾಡಿಗೆ ಇತ್ತು."

"ಈಗ ತಿರುಗ್ಸಪ್ಪ" ಎಂದರು ಅವರ ಹೆಂಡತಿ.

ಅವನು ತಿರುಗಿಸಿದ. ತಿರುಗಿಸಿ ಹಿಂದೆ ಸರಿದು ನಿಂತ. ಪರೀಕ್ಷೆ ಮಾಡಿ ಬೊಟ್ಟು ಇಡುವವರು ಇರಲಿಲ್ಲ. ಅವರ ಹೆಂಡತಿ ಸೆರಗಿನ ಗಂಟು ಬಿಚ್ಚಿ ಹಿತ್ತಾಳೆಯ ಸುಣ್ಣದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು.

"ಇಡಿ ಕಣಕ್ಕ. ನಾನು ಎಲೆಗೆ ಹಚ್ಚಿ ಕೊಟ್ಟಿದ್ದೀನೇ ಒರತು ಬೋಲ್ಟಿಗೆ ಇಟ್ಟೋಳಲ್ಲ. ನಿಮಗೆ ಗೊತ್ತು."

ನಾನು ಡಬ್ಬಿ ತೆರೆಯುವ ಮೊದಲು ಸ್ಪ್ಯಾನರ್ ತೆಗೆದುಕೊಂಡೆ. ನಟ್ಟಿಗೆ ಹಾಕಿ ನೋಡಿದರೆ ಅದು ಇನ್ನೂ ತಿರುಗಿತು.

"ಸಾಕೇನೋ ಅಂದ್ಕಂಡೆ ಅಮ್ಮಾರೆ" ಎಂದ ಡ್ರೈವರ್.

"ತಡೆ ಸಿಕ್ಕ ಮ್ಯಾಲೆ ಕಾಲು ಸುತ್ತು" ಎಂದೆ. ಅಪರಿಚಿತ ಗಂಡಸಿಗೆ ಇಷ್ಟು ಗಟ್ಟಿಯಾಗಿ ನಾನು ಹೇಳಿದ್ದು ಅದೇ ಮೊದಲಿರಬೇಕು. ಕಾಲು ಸುತ್ತು ತಿರುಗಿಸಿ, ಅಲ್ಲಿಗೆ ನಿಲ್ಲಿಸಿದೆ. ಕಿರುಬೆರಳು ಅದ್ದಿ, ನಟ್ಟಿನಿಂದ ಮುಚ್ಚಳದವರೆಗೆ ಬೊಟ್ಟು ಎಳೆದೆ. "ಇಂಜಿನ್ ತಣ್ಣಗದೆ. ಈಗ ಸೆಲ್ಫ್ ಹೊಡೀರಿ, ಕೇಳ್ತೀನಿ."

ಹಳದಿ ದೀಪ ಆರುವವರೆಗೆ ಅವನು ಕಾದ. ಮೊದಲ ಸಲಕ್ಕೇ ಇಂಜಿನ್ ಶುರುವಾಯಿತು. ನಾನು ನಿಂತು ಪೂರ್ತಿ ಕೇಳಿದೆ. ಎಲ್ಲೂ ನೋವಿರಲಿಲ್ಲ. ಭಾರ ಹೇರಿ ಓಡಿಸು ಎಂದು ಹೇಳಿ ಕಳಿಸಿದೆ.

ಡಬ್ಬಿ ನನ್ನ ಹತ್ತಿರವೇ ಉಳಿಯಿತು. ವಾಪಸು ಕೊಡಲು ಹೋದರೆ ಅವರ ಹೆಂಡತಿ ತೆಗೆದುಕೊಳ್ಳಲಿಲ್ಲ.

ಮಕ್ಕಳೇ, ಈ ಹಾಳೆಗಳ ಹಿಂದೆ ನಿಮ್ಮ ತಾತ ಬರೆದ ಇಂಜಿನ್ನಿನ ಹಾಳೆಯನ್ನೂ ಸೇರಿಸಿ ಹೊಲಿದಿದ್ದೇನೆ. ಬರೆದದ್ದನ್ನೆಲ್ಲ ಇನ್ನೊಮ್ಮೆ ಓದಿ, ನಡೆದದ್ದು ಹೀಗೆಯೇ ಎಂದು ಖಾತ್ರಿಯಾದ ಪ್ರತಿ ಹಾಳೆಯ ಮೂಲೆಯಲ್ಲಿ, ಈ ಹಾಳೆಯಿಂದ ಮುಂದಿನ ಹಾಳೆಗೆ ತಾಗುವಂತೆ ಒಂದು ಬಿಳಿ ಬೊಟ್ಟು ಇಟ್ಟಿದ್ದೇನೆ. ತರುಣಾ, ಅದು ಕಾಗೆಯದಲ್ಲ. ಇವನ್ನು ಒದ್ದೆಯಾಗದ ಕಡೆ, ಇಬ್ಬರೂ ಸೇರಿ ಜೋಪಾನವಾಗಿ ಇಟ್ಟುಕೊಳ್ಳಿ. ಯಾವತ್ತಾದರೂ ತೆಗೆದು ನೋಡಿದಾಗ ಬೊಟ್ಟು ಒಡೆದಿದ್ದರೆ ಹೊಲಿಗೆ ಸಡಿಲವಾಗಿದೆ ಎಂದರ್ಥ. ಮತ್ತೆ ಬಿಗಿಯಾಗಿ ಹೊಲಿಯಿರಿ. ತೀರ ಎಳೆಯಬೇಡಿ, ಕಾಗದ ಹರಿಯುತ್ತದೆ.